ಅಳುವ ಮುಖಕ್ಕೆ ಹೆಬ್ಬೆಟ್ಟು

ಜನವರಿ 8

ಮಂಡಳಿಯಿಂದ ಪತ್ರ ಬಂತು. ಧರ್ಮಪ್ರಾಂತ್ಯದ ಎಲ್ಲ ಕಥೋಲಿಕ ಶಾಲೆಗಳ ಮುಖ್ಯಸ್ಥರ ಕೆಲಸವನ್ನು ಈ ವರ್ಷದಿಂದ ತೂಗಿ ನೋಡುತ್ತಾರಂತೆ. ಶಿಕ್ಷಕರು ನೂರಕ್ಕೆ ಅಂಕ ಕೊಡಬೇಕು, ಪಾಲಕರು ನೂರಕ್ಕೆ ಅಂಕ ಕೊಡಬೇಕು. ಎರಡರಲ್ಲೂ ಐವತ್ತು ದಾಟಿದರೆ ಪಾಸು. ಮೂವತ್ತು ವರ್ಷ ಮಕ್ಕಳ ಪೇಪರು ತಿದ್ದಿದ ಕೈ ನನ್ನದು. ಈಗ ನನ್ನ ಪೇಪರನ್ನು ಇನ್ಯಾರೋ ತಿದ್ದುತ್ತಾರೆ. ಮಾಡಿದ್ದುಣ್ಣೋ ಮಹರಾಯ.

ಸಂಜೆ ನಮ್ಮ ಪ್ರಾಂತ್ಯದ ಸಿಸ್ಟರುಗಳ ಮುಖ್ಯಸ್ಥೆ ಮದರ್ ಫೋನು ಮಾಡಿದರು. ಅವರು ಸುತ್ತಿ ಬಳಸಿ ಮಾತಾಡುವವರಲ್ಲ. “ಲಿದ್ವಿನಾ, ಅಂಕ ಚೆನ್ನಾಗಿ ಬಂದರೆ ಜೂನ್‌ನಲ್ಲಿ ನಿನ್ನನ್ನು ಕಡಲ ಬದಿಯ ಶಾಲೆಗೆ ಹಾಕುತ್ತೇನೆ. ಬಾರದಿದ್ದರೆ ನನ್ನ ಕೈಯಲ್ಲಿ ಏನೂ ಇಲ್ಲ,” ಎಂದರು.

ಕಡಲ ಬದಿಯ ಶಾಲೆ ಎಂದರೆ ಮಂಗಳೂರಿನ ಹತ್ತಿರ ಇರುವ ನಮ್ಮ ದೊಡ್ಡ ಶಾಲೆ. ಅಲ್ಲಿನ ಕಾನ್ವೆಂಟಿನಲ್ಲಿ ಹನ್ನೊಂದು ಮಂದಿ ಸಿಸ್ಟರುಗಳಿದ್ದಾರೆ. ಹಿಲ್ಡಾ ಇದ್ದಾಳೆ. ಅವಳೂ ನಾನೂ ಒಂದೇ ದಿನ ಮಠ ಸೇರಿದವರು, ಒಂದೇ ದಿನ ಓಡಿಹೋಗೋಣವೇ ಎಂದು ಯೋಚಿಸಿದವರು. ಈ ಸುರಪುರಕ್ಕೆ ಬಂದು ಐದು ವರ್ಷವಾಯಿತು. ಐದು ವರ್ಷವೂ ನನ್ನದು ಒಂದೇ ಪ್ರಾರ್ಥನೆ, ದೇವರೇ ನನ್ನನ್ನು ಇಲ್ಲಿಂದ ಕರೆಸಿಕೋ ಎಂದು. ಮೇಲಕ್ಕಲ್ಲ, ಮಂಗಳೂರಿಗೆ.

ಜನವರಿ 11

ಇಲ್ಲಿನ ನಮ್ಮ ಕಾನ್ವೆಂಟ್ ಮನೆಯನ್ನು ಮೂವರು ಸಿಸ್ಟರುಗಳಿಗೆಂದು ಕಟ್ಟಿದ್ದು. ಒಬ್ಬರನ್ನು ಹೋದ ವರ್ಷ ಬೇರೆ ಕಡೆ ಹಾಕಿದರು, ಬದಲಿಗೆ ಯಾರನ್ನೂ ಕಳುಹಿಸಲಿಲ್ಲ. ಕಿರಿಯಳಾದ ಗ್ರೆಟ್ಟಾ ಕಲಬುರಗಿಯಲ್ಲಿ ಬಿ.ಎಡ್. ಓದುತ್ತಿದ್ದಾಳೆ. ಶನಿವಾರ ಸಂಜೆ ಬಂದು ಭಾನುವಾರ ಮಧ್ಯಾಹ್ನ ಹೋಗುತ್ತಾಳೆ. ಇದ್ದಷ್ಟು ಹೊತ್ತು ನಿದ್ದೆ ಮಾಡುತ್ತಾಳೆ, ಪಾಪ.

ಕೀರ್ತನೆಗಳನ್ನು ನಾವು ಎರಡು ಸಾಲಾಗಿ ಎದುರುಬದುರು ಕುಳಿತು ಹೇಳುವುದು ರೂಢಿ. ಈ ಬದಿಯವರು ಒಂದು ಚರಣ ಹೇಳಿದರೆ ಆ ಬದಿಯವರು ಮುಂದಿನದನ್ನು ಹೇಳಬೇಕು. ಈಗ ಆ ಬದಿಯಲ್ಲಿ ಯಾರೂ ಇಲ್ಲ. ಮೊದಮೊದಲು ಎರಡನ್ನೂ ನಾನೇ ಹೇಳುತ್ತಿದ್ದೆ. ಈಚೆಗೆ ನನ್ನ ಚರಣ ಹೇಳಿ, ಅವರದಕ್ಕೆ ಬೇಕಾದಷ್ಟು ಹೊತ್ತು ಸುಮ್ಮನೆ ಕೂರುತ್ತೇನೆ. ದೇವರಿಗೆ ನನ್ನಿಂದ ಅರ್ಧ ಪ್ರಾರ್ಥನೆಯಷ್ಟೇ ಹೋಗುತ್ತಿದೆ.

ಅಡುಗೆಯ ಮೌನಮ್ಮನಿಗೆ ತಿಂಥಣಿ ಮೌನೇಶ್ವರನ ಹೆಸರಿಟ್ಟಿದ್ದಾರೆ. ಹೆಸರು ಕೊಟ್ಟ ದೇವರು ಮೌನವನ್ನು ಮಾತ್ರ ತನ್ನ ಹತ್ತಿರವೇ ಇಟ್ಟುಕೊಂಡಿದ್ದಾನೆ.

“ಒಬ್ಬಾಕಿಗಿ ಎಷ್ಟಂತ ಅನ್ನ ಸಾರು ಮಾಡ್ಲಿರಿ? ಬಿಸಿ ರೊಟ್ಟಿ ಬಡಿತೀನಿ, ತಿನ್ರಿ,” ಎಂದಳು.

“ನನಗೆ ರೊಟ್ಟಿ ಆಗುವುದಿಲ್ಲ ಮಾರಾಯ್ತಿ. ಎಂತ ಉಂಟೋ ಅದನ್ನೇ ಮಾಡು.”

“ಮಾರಾಯ್ತಿ ಅಂದ್ರ ಯಾರ್ರಿ?”

ಐದು ವರ್ಷದಿಂದ ಇದೇ ಪ್ರಶ್ನೆ. ಗೊತ್ತಿಲ್ಲದೆ ಕೇಳುವುದಲ್ಲ, ನನ್ನನ್ನು ಕೆಣಕಲು ಕೇಳುವುದು.

ಜನವರಿ 19

ನನ್ನ ಬಗ್ಗೆ ನಾನೇ ತುಂಬಬೇಕಾದ ನಮೂನೆಯೊಂದಿದೆ. ‘ನಾಯಕತ್ವ: ಐದಕ್ಕೆ ಎಷ್ಟು?’ ಐದು ಬರೆದರೆ ಅಹಂಕಾರ, ಪಾಪ. ಎರಡು ಬರೆದರೆ ಸುಳ್ಳು, ಅದೂ ಪಾಪ. ಮಠದಲ್ಲಿ ವಿನಯ ಕಲಿಸಿದವರು ಇಂಥ ನಮೂನೆ ತುಂಬುವುದನ್ನು ಕಲಿಸಲಿಲ್ಲ. ಕೊನೆಗೆ ಎಲ್ಲದಕ್ಕೂ ಮೂರೂವರೆ ಬರೆದೆ. ಅರ್ಧ ಅಂಕಕ್ಕೆ ಅಲ್ಲಿ ಜಾಗವೇ ಇರಲಿಲ್ಲ, ಆದರೂ ಬರೆದೆ.

‘ಸಮುದಾಯದೊಂದಿಗಿನ ಸಂಪರ್ಕಕ್ಕೆ ಒಂದು ಉದಾಹರಣೆ ಕೊಡಿ’ ಎಂದು ಕೇಳಿದ್ದಾರೆ. ನವೆಂಬರಿನಲ್ಲಿ ಹತ್ತಿರದ ಹಳ್ಳಿ ಬೋನಾಳದ ಮಲ್ಲಾಬಾಯಿ ತನ್ನ ಮಗಳು ಅಂಜನಾಳನ್ನು ಹತ್ತಿ ಬಿಡಿಸಲು ಹೊಲಕ್ಕೆ ಒಯ್ದಿದ್ದಳು. ಹತ್ತನೇ ತರಗತಿಯ ಹುಡುಗಿ, ಎರಡು ವಾರ ಶಾಲೆಗೆ ಬರಲಿಲ್ಲ. ನಾನು ಹೊಲಕ್ಕೇ ಹೋಗಿ ಮಾತಾಡಿದರೆ ಮಲ್ಲಾಬಾಯಿ ತಲೆಯೆತ್ತಿಯೂ ನೋಡಲಿಲ್ಲ. ಅವಳಿಗಿಂತ ನಾನು ಹೆಚ್ಚು ಹಟಮಾರಿ. ಹರಿದ ಸೀರೆಯೊಂದನ್ನು ಮಡಿಲಿಗೆ ಕಟ್ಟಿಕೊಂಡು ಪಕ್ಕದ ಸಾಲಿನಲ್ಲಿ ನಾನೂ ಹತ್ತಿ ಬಿಡಿಸಿದೆ. ಮೂರನೆಯ ದಿನ, “ಮಧ್ಯಾನದ ಮ್ಯಾಲ ಕಳಸ್ತೀನಿ, ನೀವು ನಡೀರಿ. ನೀವು ಬಿಡಿಸಿದ್ದು ಬರೀ ಎಲಿ ಅದ,” ಎಂದಳು. ಅಂದಿನಿಂದ ಅಂಜನಾ ಮಧ್ಯಾಹ್ನ ಬಂದು ಸಂಜೆ ಆರರವರೆಗೆ ನನ್ನ ಎದುರು ಕುಳಿತು ಓದುತ್ತಿದ್ದಳು.

ಇದನ್ನು ನಮೂನೆಯಲ್ಲಿ ಹೇಗೆ ಬರೆಯುವುದು? ‘ಪಾಲಕರ ಸಭೆಗಳನ್ನು ನಿಯಮಿತವಾಗಿ ನಡೆಸಲಾಗಿದೆ’ ಎಂದು ಬರೆದೆ.

ಜನವರಿ 27

ಮಂಡಳಿಯ ಫಾದರ್ ವಲೇರಿಯನ್ ಕಲಬುರಗಿಯಿಂದ ಬಂದರು. ಅವರೂ ನಮ್ಮ ಕಡೆಯವರೇ, ಉಡುಪಿಯ ಹತ್ತಿರದವರು. ಕನ್ನಡಕದ ಮೇಲಿಂದ ನೋಡುತ್ತಾರೆ, ಸಣ್ಣ ಅಕ್ಷರದಲ್ಲಿ ಬರೆಯುತ್ತಾರೆ. ಒಳ್ಳೆಯವರು. ಒಳ್ಳೆಯವರೇ ಆದರೂ ಕೈಯಲ್ಲಿ ಪೆನ್ನು ಹಿಡಿದವರನ್ನು ಕಂಡರೆ ನನಗೆ ಭಯ.

ಓದು ಬಾರದ ಪಾಲಕರಿಗಾಗಿ ಹಾಳೆಯಲ್ಲಿ ಪ್ರತಿ ಪ್ರಶ್ನೆಯ ಮುಂದೆ ಐದು ಮುಖ ಬರೆಸಿದ್ದಾರೆ. ನಗುವ ಮುಖಕ್ಕೆ ಐದು ಅಂಕ, ಅಳುವ ಮುಖಕ್ಕೆ ಒಂದು. ನಡುವಿನ ಮುಖಗಳಿಗೆ ನಡುವಿನ ಅಂಕ. ಬೇಕಾದ ಮುಖದ ಮೇಲೆ ಗೀಟು ಎಳೆಯಬಹುದು, ಬಾರದವರು ಹೆಬ್ಬೆಟ್ಟು ಒತ್ತಬಹುದು. ಪ್ರಶ್ನೆ ಇಪ್ಪತ್ತು.

ಸಭೆಯ ಶುರುವಿನಲ್ಲಿ ಮಾತ್ರ ನಾನಿದ್ದೆ. ಫಾದರ್ ನಿಧಾನವಾಗಿ, ಎಲ್ಲರಿಗೂ ತಿಳಿಯುವಂತೆ ಹೇಳಿದರು. “ಹೆದರಬೇಡಿ. ಇದು ಸಿಸ್ಟರನ್ನು ಶಿಕ್ಷಿಸುವುದಕ್ಕಲ್ಲ. ಹೆಚ್ಚು ಅಂಕ ಬಂದವರನ್ನು ನಾವು ದೊಡ್ಡ ಶಾಲೆಗಳಿಗೆ ಕಳುಹಿಸುತ್ತೇವೆ. ಕಡಿಮೆ ಬಂದವರು ಅದೇ ಜಾಗದಲ್ಲಿ ಇನ್ನೊಂದು ವರ್ಷ ಇದ್ದು ತಮ್ಮನ್ನು ತಿದ್ದಿಕೊಳ್ಳಬೇಕು, ಅಷ್ಟೇ. ಆದ್ದರಿಂದ ಮನಸ್ಸಿನಲ್ಲಿ ಇದ್ದದ್ದನ್ನು ಇದ್ದ ಹಾಗೆ ಒತ್ತಿ.” ಜನ ಒಬ್ಬರ ಮುಖ ಒಬ್ಬರು ನೋಡಿಕೊಂಡು ತಲೆಯಾಡಿಸಿದರು. ನಮ್ಮ ಶಾಲೆಯ ವ್ಯಾನು ಓಡಿಸುವ ಲಾಡ್ಲೇಸಾಬ ಬಾಗಿಲಲ್ಲಿ ನಿಂತು, ಎಂದೂ ಇಲ್ಲದ ಶ್ರದ್ಧೆಯಿಂದ ಕೇಳಿಸಿಕೊಂಡ.

ಆಮೇಲೆ ನನ್ನನ್ನು ಮನೆಗೆ ಕಳುಹಿಸಿದರು. ಅಳೆಸಿಕೊಳ್ಳುವವರು ಎದುರಿರಬಾರದಂತೆ.

ಪರದೆ ಎಳೆದುಕೊಂಡು ಕುಳಿತೆ. ಶಾಲೆಯ ವರಾಂಡದಿಂದ ಗದ್ದಲ ಕೇಳುತ್ತಿತ್ತು, ಆಗಾಗ ಜೋರು ನಗೆ. ನನ್ನ ಬಗ್ಗೆಯೇ ಇರಬೇಕು. ನಾನು ಚಿಕ್ಕವಳಿದ್ದಾಗ ಮನೆಗೆ ನೆಂಟರು ಬಂದರೆ ಅಮ್ಮ ನನ್ನನ್ನು ಒಳಗೆ ಕಳುಹಿಸುತ್ತಿದ್ದಳು. ಅದೇ ಸಂಕಟ ಇದು, ಐವತ್ತಾರನೇ ವಯಸ್ಸಿನಲ್ಲಿ.

ಫೆಬ್ರುವರಿ 4

ಹಿಲ್ಡಾ ಫೋನು ಮಾಡಿದ್ದಳು. ತನ್ನ ಪಕ್ಕದ ಕೋಣೆ ಮೇ ತಿಂಗಳಲ್ಲಿ ಖಾಲಿಯಾಗುತ್ತದಂತೆ, ಅದನ್ನು ನನಗೇ ಇಡಿಸಿದ್ದಾಳಂತೆ. ಕಿಟಕಿ ತೆಗೆದರೆ ಕಡಲು. “ಊಟಕ್ಕೆ ಮೀನು ಸಿಗದೆ ನೀನು ಒಣಗಿ ಹೋಗಿದ್ದಿ. ಬಾ, ಬಂದು ಮನುಷ್ಯಳಾಗು,” ಎಂದಳು. ನಕ್ಕೆ. ಫೋನಿಟ್ಟ ಮೇಲೆ ಮನೆಯ ನಿಶ್ಶಬ್ದ ಮೊದಲಿಗಿಂತ ಹೆಚ್ಚಾಯಿತು.

ಪಾಸಾಗುವುದರಲ್ಲಿ ನನಗೆ ಅನುಮಾನವಿಲ್ಲ. ಪಾಲಕರು ಎಪ್ಪತ್ತಾದರೂ ಕೊಡುತ್ತಾರೆ. ಎಂಬತ್ತೂ ಇರಬಹುದು.

ಫೆಬ್ರುವರಿ 18

ವಿಭೂತಿ ಬುಧವಾರ. ಯಾದಗಿರಿಯ ಚರ್ಚಿಗೆ ಹೋಗಿ ಹಣೆಗೆ ಬೂದಿ ಹಚ್ಚಿಸಿಕೊಂಡು, ಶಹಾಪುರದ ಮೇಲಿಂದ ಬಸ್ಸಿನಲ್ಲಿ ಬಂದೆ. ಬಸ್ಸಿನಲ್ಲಿ ಸಗರದ ಅಜ್ಜಿಯೊಬ್ಬರು ನನ್ನ ಹಣೆಯನ್ನೇ ನೋಡಿ, ತಮ್ಮ ಹಣೆಯ ವಿಭೂತಿ ಮುಟ್ಟಿಕೊಂಡು, ಸರಿದು ಜಾಗ ಕೊಟ್ಟರು. ಇಳಿಯುವಾಗ ಸೆರಗಿನ ಗಂಟು ಬಿಚ್ಚಿ ಒಂದು ಹಿಡಿ ಶೇಂಗಾ ನನ್ನ ಕೈಗೆ ಹಾಕಿದರು.

ಉಪವಾಸದ ದಿನ. ಆದರೂ ಎರಡು ತಿಂದೆ.

ಮನೆಯಲ್ಲಿ ಮೌನಮ್ಮ, “ಈಗ ಬರಾಬರ್ ನಮ್ಮಾಕಿ ಕಂಡಂಗ ಕಾಣ್ತೀರಿ,” ಎಂದಳು.

“ಇದು ಬೇರೆ ಮೌನಮ್ಮ. ಇದು ನಾವು ಮಣ್ಣು ಅಂತ ನೆನಪು ಮಾಡ್ಲಿಕ್ಕೆ.”

“ನಮ್ಮದರ ಮತ್ತ್ಯಾನ್ ಅದರಿ? ನಾವೂ ಮಣ್ಣೇ.”

ವಾದದಲ್ಲಿ ಇವಳನ್ನು ಗೆಲ್ಲಲು ಆಗುವುದಿಲ್ಲ.

ಮಾರ್ಚ್ 3

ಶಿಕ್ಷಕರು ನೂರಕ್ಕೆ ಎಂಬತ್ತೆಂಟು.

ಪಾಲಕರು ನೂರಕ್ಕೆ ಮೂವತ್ತೊಂದು.

ಕಾಗದವನ್ನು ತಿರುಗಿಸಿ ನೋಡಿದೆ, ಬೇರೆ ಯಾರದೋ ಇರಬಹುದೆಂದು. ನನ್ನದೇ. ಬಜಾರಿನ ಕೆಲವು ಅಂಗಡಿಯವರು ಚೆನ್ನಾಗಿ ಕೊಟ್ಟಿದ್ದಾರೆ. ವ್ಯಾನಿನಲ್ಲಿ ಬರುವ ಹಳ್ಳಿಗಳ ಜನ, ಅದರಲ್ಲೂ ಬೋನಾಳದವರು, ಇಪ್ಪತ್ತಕ್ಕೆ ಇಪ್ಪತ್ತು ಪ್ರಶ್ನೆಗೂ ಅಳುವ ಮುಖವನ್ನೇ ಒತ್ತಿದ್ದಾರೆ. ಫಾದರ್ ಮಾದರಿಗೆಂದು ಒಂದು ಹಾಳೆಯ ನಕಲು ಇಟ್ಟಿದ್ದಾರೆ. ಒತ್ತಿದವರ ಹೆಸರಿಲ್ಲ, ಊರಿನದು ಮಾತ್ರ ಇದೆ. ಇಪ್ಪತ್ತು ಹೆಬ್ಬೆಟ್ಟು, ಒಂದರ ಕೆಳಗೊಂದು, ಎಲ್ಲೂ ಜರುಗಿಲ್ಲ. ಯೋಚಿಸಿ, ಮನಸ್ಸಿಟ್ಟು ಒತ್ತಿದ ಹಾಗಿದೆ.

ಫಾದರ್ ಬರೆದಿದ್ದಾರೆ: ‘ಪಾಲಕರ ವಿಶ್ವಾಸ ಗಳಿಸುವಲ್ಲಿ ವಿಫಲ. ಏಪ್ರಿಲ್ 20ರೊಳಗೆ ಲಿಖಿತ ವಿವರಣೆ ಕೊಡಬಹುದು. ವಿವರಣೆ ಒಪ್ಪಿಗೆಯಾಗದಿದ್ದರೆ ಅದೇ ಜಾಗದಲ್ಲಿ ಒಂದು ವರ್ಷ ನಿಗಾದಲ್ಲಿ ಇರಿಸಲಾಗುವುದು. ಈ ಟಿಪ್ಪಣಿ ಸೇವಾ ಕಡತದಲ್ಲಿ ಉಳಿಯುತ್ತದೆ.’

ವಿವರಣೆ ಏನೆಂದು ಕೊಡುವುದು? ನನಗೇ ಯಾರಾದರೂ ವಿವರಿಸಬೇಕಾಗಿದೆ.

ಮಾರ್ಚ್ 4

ಕಡಲು ಹೋಯಿತು. ಅದಕ್ಕೆ ಅಳು ಬಂದಿದ್ದರೆ ಅರ್ಥವಿತ್ತು. ಅಳು ಬಂದದ್ದು ಅದಕ್ಕಲ್ಲ.

ಮಾರ್ಚ್ 6

ದಿನಾ ಬೆಳಿಗ್ಗೆ ಮಕ್ಕಳು ಬರುವಾಗ ನಾನು ಗೇಟಿನಲ್ಲಿ ನಿಲ್ಲುತ್ತೇನೆ. ಇವತ್ತು ಹೋಗಲಿಲ್ಲ. ಐದು ವರ್ಷದಲ್ಲಿ ಇದೇ ಮೊದಲು.

ಮಾರ್ಚ್ 7

ಹೋಗಲಿಲ್ಲ.

ಮಾರ್ಚ್ 11

ಲಾಡ್ಲೇಸಾಬ ಕಚೇರಿಯ ಬಾಗಿಲಿಗೆ ಬಂದು ನಿಂತ. ವ್ಯಾನಿಗೆ ಹೊಸ ಟೈರು ಬೇಕೆಂದು ಶುರು ಮಾಡಿ, “ತಬಿಯತ್ ಬರಾಬರ್ ಇಲ್ಲೇನ್ರಿ ಸಿಸ್ಟರಮ್ಮ? ಗೇಟಿನಾಗ ಕಾಣವಲ್ರಿ. ಹುಡುಗ್ರು ಕೇಳಾಕತ್ತಾವ,” ಎಂದ.

“ಚೆನ್ನಾಗಿದ್ದೇನೆ. ಟೈರಿಗೆ ಅರ್ಜಿ ಬರೆದು ಕೊಡಿ,” ಎಂದೆ. ಅರ್ಜಿ ಬರೆಯಲು ಅವನಿಗೆ ಬರುವುದಿಲ್ಲವೆಂದು ನನಗೆ ಗೊತ್ತು. ಬೇಕೆಂದೇ ಹೇಳಿದೆ. ಸ್ವಲ್ಪ ಹೊತ್ತು ನಿಂತು ಹೋದ. ಇವನ ವ್ಯಾನಿನಲ್ಲಿ ಬಂದ ಜನವೇ ನನಗೆ ಮೂವತ್ತೊಂದು ಕೊಟ್ಟದ್ದು. ಹಾಗೆಂದು ಇವನ ಮೇಲೇಕೆ ಸಿಟ್ಟು? ಅತ್ತೆಯ ಮೇಲಿನ ಕೋಪ ಕೊತ್ತಿಯ ಮೇಲೆ.

ರಾತ್ರಿ ಊಟ ಸೇರಲಿಲ್ಲ. ಮೌನಮ್ಮ ಹೋಗುವ ಮೊದಲು ಏನೂ ಕೇಳದೆ ರೊಟ್ಟಿ, ಪುಂಡಿಪಲ್ಯ ಮುಚ್ಚಿಟ್ಟು ಹೋಗಿದ್ದಳು. ತಿಂದೆ.

ಮಾರ್ಚ್ 17

ನಾಳೆಯಿಂದ ಹತ್ತನೆಯವರಿಗೆ ಪರೀಕ್ಷೆ. ಅಂಜನಾ ಪ್ರವೇಶಪತ್ರ ಹಿಡಿದು ಬಂದು ಕಾಲಿಗೆ ಬಿದ್ದಳು. ಈ ಹುಡುಗಿಯ ತಾಯಿಯೂ ಅಳುವ ಮುಖವನ್ನೇ ಒತ್ತಿದಳೆ? ಒತ್ತಿರಲೇಬೇಕು, ಬೋನಾಳದಲ್ಲಿ ಬೇರೆ ಮುಖ ಒತ್ತಿದವರೇ ಇಲ್ಲ. ತಲೆಯ ಮೇಲೆ ಕೈಯಿಟ್ಟೆ. ಕೈಯಿಟ್ಟದ್ದು ರೂಢಿಯಿಂದ, ಮನಸ್ಸು ಅಲ್ಲಿರಲಿಲ್ಲ. ದೇವರು ಕ್ಷಮಿಸಲಿ.

ರಾತ್ರಿ ಚಾಪೆಲಿನಲ್ಲಿ ನನ್ನ ಚರಣ ಹೇಳಿ ಸುಮ್ಮನಾದೆ. ಎದುರಿನ ಸಾಲಿಗೆ ಬಿಟ್ಟ ಹೊತ್ತಿನಲ್ಲಿ ನನ್ನ ಐದು ವರ್ಷವನ್ನು ಒಂದೊಂದಾಗಿ ತೆಗೆದು ನೋಡಿದೆ. ಯಾರಿಗೆ ಏನು ಅಂದಿದ್ದೆ? ಯಾರನ್ನು ಕಾಯಿಸಿದ್ದೆ? ಮಾತು ಒರಟಾಯಿತೆ? ಒರಟು ಎಂದರೆ ಇವರಿಗಿಂತಲೂ ಒರಟೆ? ತಪ್ಪು ಸಿಕ್ಕಿದ್ದರೆ ಸಮಾಧಾನವಾಗುತ್ತಿತ್ತು. ಸಿಗಲಿಲ್ಲ. ಅಂದರೆ ಇವರಿಗೆ ನನ್ನ ಯಾವುದೋ ಒಂದು ಕೆಲಸ ಬೇಡವಾಗಿಲ್ಲ, ನಾನೇ ಬೇಡವಾಗಿದ್ದೇನೆ.

ಏಪ್ರಿಲ್ 9

ಇವತ್ತಿನದನ್ನು ಪೂರ್ತಿ ಬರೆಯಬೇಕು.

ಮಲ್ಲಾಬಾಯಿ ಬಂದಿದ್ದಳು. ಪರೀಕ್ಷೆ ಮುಗಿದ ಅಂಜನಾಳನ್ನು ಮುಂದೆ ಎಲ್ಲಿ ಓದಿಸಬೇಕು, ಹಾಸ್ಟೆಲು ಎಲ್ಲಿ ಸಿಗುತ್ತದೆ ಎಂದು ಕೇಳಲು. ಕಚೇರಿಯ ನೆಲದ ಮೇಲೆ ಕುಳಿತುಕೊಳ್ಳಲು ಹೋದಳು, ಕುರ್ಚಿ ತೋರಿಸಿದೆ. ಕೇಳಬಾರದೆಂದು ನಿಶ್ಚಯ ಮಾಡಿಕೊಂಡಿದ್ದೆ. ನಾಲಿಗೆ ನಿಲ್ಲಲಿಲ್ಲ.

“ಮಗಳ ಓದಿನ ಮಾತು ನನ್ನ ಕೇಳಾಕ ಬಂದೀರಿ. ಫಾದರ್ ಬಂದಾಗ ನನಗ ಅಳೂ ಮಾರಿ ಒತ್ತಿದವರು ಯಾರು?”

“ನಾನೇ ಒತ್ತೀನ್ರಿ,” ಎಂದಳು. ತಡವರಿಸಲೂ ಇಲ್ಲ. “ಇಪ್ಪತ್ತಕ್ಕೂ ಅದೇ ಮಾರಿಗಿ ಒತ್ತೀನಿ. ನಮ್ಮೂರಾವ್ರು ಎಲ್ಲಾರೂ ಒತ್ಯಾರ.”

“ನಾನು ನಿಮಗ ಯಾನ್ ತಪ್ಪು ಮಾಡೀನಿ ಮಲ್ಲಾಬಾಯಿ?”

“ತಪ್ಪು ಮಾಡಿದ್ರ ನಗೂ ಮಾರಿಗಿ ಒತ್ತತಿದ್ವಿ. ಎದ್ದು ಹೋಗ್ಲಿ ಅಂತ.”

ನನಗೆ ತಿಳಿಯಲಿಲ್ಲ. ಚಿಕ್ಕ ಮಗುವಿಗೆ ಮಗ್ಗಿ ಹೇಳಿಕೊಟ್ಟ ಹಾಗೆ ಅವಳು ಬಿಡಿಸಿ ಹೇಳಿದಳು.

“ಫಾದರ್ ತಾವೇ ಹೇಳ್ಯಾರಲ್ರಿ, ಹೆಚ್ಚು ಬಂದವ್ರನ ದೊಡ್ಡ ಸಾಲಿಗಿ ಒಯ್ತೀವಿ, ಕಡಿಮಿ ಬಂದವ್ರು ಇಲ್ಲೇ ಇರ್ಬೇಕಂತ. ನಮಗ ಅಷ್ಟು ತಿಳಿಯಾಂಗಿಲ್ಲೇನು? ಹಿಂದ ಒಬ್ಬಾಕಿ ಡಾಕ್ಟರಮ್ಮ ಬಂದಿದ್ಳು, ಬಂಗಾರದಂಥಾಕಿ. ಸನ್ಮಾನ ಮಾಡಿ ಶಾಲು ಹೊಚ್ಚಿದ್ವಿ, ಪೇಪರಿನಾಗ ಫೋಟೋ ಬಂತು. ಎರಡು ತಿಂಗಳದಾಗ ಬದಲಿ ಆಗಿ ಹೋದ್ಳು. ಆಮ್ಯಾಲ ಒಬ್ಬಾಂವ ಸಾಹೇಬ ಬಂದ, ಚಲೋ ಮನಷ್ಯಾ. ಅಂವನ್ನೂ ಹೊಗಳಿದ್ವಿ, ಅಂವನೂ ಹೋದ. ಕೆಲಸಗೇಡಿಗಳು ಯಾರರೆ ಹೋಗ್ಯಾರೇನ್ರಿ? ಹತ್ತ್ ಹತ್ತ್ ವರ್ಷ ಇಲ್ಲೇ ಕುಂತಾರ. ಹೊಗಳಿ ಹೊಗಳಿ ಚಲೋ ಮಂದಿನ ನಾವೇ ಕಳಕೊಂಡೀವಿ. ಈ ಸಲ ಶ್ಯಾಣ್ಯಾರಾದ್ವಿ.”

“ಯಾರು ಹೇಳಿದ್ರು ಹಿಂಗ ಮಾಡ್ರಿ ಅಂತ?”

“ನೀವು ಮನಿಗಿ ಹೋದ ಮ್ಯಾಲ ಲಾಡ್ಲೇಸಾಬ ವರಾಂಡದಾಗ ನಮ್ಮ ಹಳ್ಳಿ ಮಂದಿಗೆಲ್ಲಾ ಕಿವ್ಯಾಗ ಹೇಳಿದ. ಕೈ ತಪ್ಪಿ ಸುದ್ದಾ ನಗೂ ಮಾರಿ ಮುಟ್ಟಬ್ಯಾಡ್ರಿ ಅಂದ. ನಮ್ಮ ಓಣಿ ಮುದುಕಿ ಒಬ್ಬಾಕಿಗಿ ಕಣ್ಣು ಕಾಣಾಂಗಿಲ್ಲ, ಅಕಿ ಕೈ ನಾನೇ ಹಿಡಿದು ಒತ್ತಿಸೀನಿ.”

ಸಿಟ್ಟು ಬಂತು. ಬಹಳ ಸಿಟ್ಟು ಬಂತು. ಒಂದು ತಿಂಗಳು ನಾನು ಸತ್ತು ಬದುಕಿದ್ದೇನೆ, ಇವರು ಶ್ಯಾಣ್ಯಾರಾದರಂತೆ, ಜಾಣರಾದರಂತೆ.

“ನನ್ನ ಒಂದು ಮಾತು ಕೇಳಬೇಕಿತ್ತಿಲ್ಲೋ?”

“ಕೇಳಿದ್ರ ಹೋಗ್ತೀನಿ ಅಂತಿದ್ರಿ,” ಎಂದಳು ಮಲ್ಲಾಬಾಯಿ. “ಅದು ನಿಮ್ಮ ಮಾರಿ ಮ್ಯಾಲೇ ಬರದದ.”

ಹಾಸ್ಟೆಲಿನ ಅರ್ಜಿ ತೆಗೆದು ತುಂಬಿ ಕೊಟ್ಟೆ.

ಏಪ್ರಿಲ್ 10

ವಿವರಣೆ ಬರೆದೆ. ಎರಡು ಪುಟ. ಮಲ್ಲಾಬಾಯಿ ಹೇಳಿದ್ದನ್ನೆಲ್ಲ ಅವಳ ಹೆಸರು ಬಿಟ್ಟು ಹಾಕಿದ್ದೇನೆ. ಪಾಲಕರು ನಿಯಮವನ್ನು ತಿಳಿದೇ ಹೀಗೆ ಒತ್ತಿದ್ದಾರೆ, ಆದ್ದರಿಂದ ಅವರ ಅಂಕಗಳನ್ನು ಪರಿಗಣಿಸಬಾರದು, ಶಿಕ್ಷಕರ ಎಂಬತ್ತೆಂಟನ್ನೇ ಪರಿಗಣಿಸಬೇಕು ಎಂದು ಕೋರಿದ್ದೇನೆ. ಓದಿ ನೋಡಿದೆ. ಯಾರಾದರೂ ನಂಬುವ ಹಾಗಿದೆ. ನಿಜವೂ ಹೌದು.

ಹಿಲ್ಡಾಳಿಗೆ ಫೋನಿನಲ್ಲಿ ಓದಿ ಹೇಳಿದೆ. ಅವಳು ನಕ್ಕು ನಕ್ಕು ಸುಸ್ತಾದಳು. “ಎಂಥ ಜನರೇ ಅವರು! ಬೇಗ ಕಳುಹಿಸು, ನಾನು ಕೋಣೆ ಗುಡಿಸಿ ಇಡುತ್ತೇನೆ,” ಎಂದಳು.

ಅವಳು ನಕ್ಕದ್ದು ನನಗೆ ಸರಿ ಅನಿಸಲಿಲ್ಲ. ಯಾಕೆಂದು ಗೊತ್ತಿಲ್ಲ. ನಗುವಂಥದ್ದೇ ಅದು.

ಏಪ್ರಿಲ್ 13

ಲಕೋಟೆ ಮೇಜಿನ ಮೇಲೇ ಇದೆ. ಇವತ್ತು ಅಂಚೆ ಕಚೇರಿಯ ಮುಂದೆಯೇ ಹೋದೆ, ಲಕೋಟೆ ಒಯ್ಯಲು ಮರೆತಿದ್ದೆ.

ಲಾಡ್ಲೇಸಾಬನನ್ನು ಕರೆದು ಬೈಯಬೇಕೆಂದುಕೊಂಡೆ. ಬಂದ. ತಲೆ ಕೆಳಗೆ ಹಾಕಿ ನಿಂತ. “ಬೈರಿ,” ಎಂದ. ಟೈರು ತರಿಸಿದ್ದೇನೆ ಎಂದಷ್ಟೇ ಹೇಳಿ ಕಳುಹಿಸಿದೆ.

ಏಪ್ರಿಲ್ 15

ನಿದ್ದೆಯಿಲ್ಲ. ಬರೆದರೆ ಹಗುರಾಗುತ್ತದೇನೋ.

ಈ ಜನ ನನ್ನನ್ನು ಬಿಡಲೊಲ್ಲರು ಎಂದು ಬರೆದಿದ್ದೇನೆ. ಅದೇ ಕಾಗದ ತೋರಿಸಿ ಇವರನ್ನು ಬಿಟ್ಟು ಹೋಗುತ್ತೇನೆ. ನನಗೆ ನೂರಕ್ಕೆ ಎಂಬತ್ತೆಂಟು ಸಿಗಬೇಕಾದರೆ ಇವರು ಸುಳ್ಳುಗಾರರೆಂದು ಸಾಬೀತಾಗಬೇಕು. ಕಲಬುರಗಿಯ ಮಂಡಳಿಯಲ್ಲಿ ಹಿಲ್ಡಾ ನಕ್ಕ ಹಾಗೆಯೇ ನಗುತ್ತಾರೆ. ಮಲ್ಲಾಬಾಯಿ ಹೆಬ್ಬೆಟ್ಟಿಗೆ ಮಸಿ ಹಚ್ಚಿಕೊಂಡು ಒಂದರ ಕೆಳಗೊಂದು ಇಪ್ಪತ್ತು ಸಲ ಒತ್ತಿದ್ದು ಊರೂರು ಹೇಳುವ ಜೋಕಾಗುತ್ತದೆ.

ಕಳುಹಿಸದಿದ್ದರೆ ‘ವಿಫಲ’ ಎನ್ನುವುದು ನನ್ನ ಕಡತದಲ್ಲಿ ಸಾಯುವವರೆಗೆ ಇರುತ್ತದೆ. ಇನ್ನು ಯಾವ ದೊಡ್ಡ ಶಾಲೆಯೂ ಇಲ್ಲ. ಹನ್ನೊಂದು ಮಂದಿಯ ಊಟದ ಮೇಜು ಇಲ್ಲ. ಈ ಮನೆ, ಎದುರಿನ ಖಾಲಿ ಸಾಲು, ಶನಿವಾರ ಬಂದು ಮಲಗುವ ಗ್ರೆಟ್ಟಾ. ನನಗೆ ಒಂಟಿತನದ ಭಯವಿದೆ. ಅದನ್ನು ಇಲ್ಲಿಯಾದರೂ ಬರೆಯಬಹುದಲ್ಲ, ಯಾರೂ ಓದುವುದಿಲ್ಲ. ಇನ್ನೊಂದು ವರ್ಷ ಹೀಗೇ ಇರುವುದೆಂದರೆ ನನಗೆ ಭಯವಾಗುತ್ತದೆ.

ಆದರೆ ಐವತ್ತಾರು ವರ್ಷದಲ್ಲಿ ನನ್ನನ್ನು ಉಳಿಸಿಕೊಳ್ಳಲು ಯಾರೂ ಸುಳ್ಳು ಹೇಳಿರಲಿಲ್ಲ. ಮಠಕ್ಕೆ ಹೋಗುತ್ತೇನೆ ಎಂದಾಗ ಅಪ್ಪ ಒಂದು ಮಾತೂ ಆಡದೆ ಪೆಟ್ಟಿಗೆ ಕಟ್ಟಿಕೊಟ್ಟರು. ಒಂದೊಂದು ಊರು ಬಿಡುವಾಗಲೂ ಹಾರ ಹಾಕಿ, ಹಾಡು ಹೇಳಿ, ಬಸ್ಸು ಹತ್ತಿಸಿ ಕಳುಹಿಸಿದರು. ಎಲ್ಲ ಕಡೆಯೂ ಚೆನ್ನಾಗಿಯೇ ಕಳುಹಿಸಿದರು.

ಏಪ್ರಿಲ್ 16

ಹಳೆಯ ಕಾಗದ ಒಲೆಗೆ ಹಾಕಿದೆ. ಹೊಸದನ್ನು ನಾನೇ ಹೋಗಿ ಅಂಚೆಗೆ ಹಾಕಿ ಬಂದೆ. ಎರಡೇ ಸಾಲು:

‘ಪಾಲಕರು ಕೊಟ್ಟ ಅಂಕಗಳನ್ನು ಒಪ್ಪಿದ್ದೇನೆ. ನನ್ನ ವಿವರಣೆ ಏನೂ ಇಲ್ಲ.’

ಬರುವಾಗ ಬಜಾರಿನಲ್ಲಿ ಹಸಿಮೆಣಸಿನಕಾಯಿ ಕೊಂಡೆ. ಮೌನಮ್ಮ ರೊಟ್ಟಿಗೆ ಖಾರದ ಹಿಂಡಿ ಕುಟ್ಟುತ್ತೇನೆಂದಿದ್ದಳು.

ಏಪ್ರಿಲ್ 22

ಫಾದರ್ ವಲೇರಿಯನ್ ಫೋನು ಮಾಡಿದರು. “ಸಿಸ್ಟರ್, ಏನಾದರೂ ಕಾರಣ ಇರಬೇಕಲ್ಲ. ಹೇಳಿದರೆ ನಾನು ಮಂಡಳಿಯ ಮುಂದೆ ಮಾತಾಡುತ್ತೇನೆ. ನಿಮ್ಮ ಶಿಕ್ಷಕರು ಅಷ್ಟು ಹೊಗಳಿದ್ದಾರೆ, ಪಾಲಕರು ಯಾಕೆ ಹೀಗೆ?”

“ಅವರ ಮನಸ್ಸಿನಾಗ ಇದ್ದದ್ದು ಒತ್ಯಾರ್ರಿ ಫಾದರ್. ಬರಾಬರ್ ಅದ.”

ಆ ಕಡೆ ಕಾಗದ ಮಗುಚುವ ಸದ್ದು ಕೇಳಿತು. ಆಮೇಲೆ, “ಆಯಿತು ಸಿಸ್ಟರ್, ಹಾಗೇ ಬರೆಯುತ್ತೇನೆ,” ಎಂದರು.

ಮೇ 19

ಆದೇಶ ಬಂತು. ಅದೇ ಜಾಗ, ಒಂದು ವರ್ಷ, ನಿಗಾದಲ್ಲಿ. ಮದರ್ ಕೆಳಗೆ ಕೈಬರಹದಲ್ಲಿ ‘ಬೇಸರವಾಯಿತು ಲಿದ್ವಿನಾ’ ಎಂದು ಬರೆದಿದ್ದಾರೆ.

ರಜೆಯ ಶಾಲೆ, ಬಿಸಿಲು, ಅಂಗಳದಲ್ಲಿ ನಾಯಿಯೂ ಇಲ್ಲ. ಗ್ರೆಟ್ಟಾ ಊರಿಗೆ ಹೋಗಿದ್ದಾಳೆ. ಹಿಲ್ಡಾ ಫೋನು ಎತ್ತಲಿಲ್ಲ, ಸಿಟ್ಟು ಬಂದಿರಬೇಕು. ಆ ಕೋಣೆ ಬೇರೆಯವರಿಗೆ ಹೋಗಿದೆಯೆಂದು ಕಾನ್ವೆಂಟಿನ ಫೋನೆತ್ತಿದ ಇನ್ನೊಬ್ಬ ಸಿಸ್ಟರ್ ಹೇಳಿದರು. ಇಡೀ ಮಧ್ಯಾಹ್ನ ಅತ್ತೆ. ಕಡಲಿಗಾಗಿಯೇ ಅತ್ತೆ, ಈ ಸಲ.

ನಾಲ್ಕು ಗಂಟೆಗೆ ಮೌನಮ್ಮ ಬಂದು ಮುಖ ನೋಡಿ, “ಹೋಗೂದಾತೇನ್ರಿ?” ಎಂದು ಕೇಳಿದಳು. ಕೇಳಿದ ದನಿ ಸಣ್ಣದಿತ್ತು.

“ಇಲ್ಲ. ಇಲ್ಲೇ ಇರ್ಬೇಕಂತ.”

ಐದು ವರ್ಷದಲ್ಲಿ ಅವಳು ಏನೂ ಅನ್ನದೆ ಒಳಗೆ ಹೋದದ್ದು ಇದೊಂದೇ ಸಲ. ಒಳಗಿನಿಂದ ರೊಟ್ಟಿ ಬಡಿಯುವ ಸದ್ದು ಕೇಳಿತು. ನಾಲ್ಕು ಗಂಟೆಗೆ ಯಾರಾದರೂ ರೊಟ್ಟಿ ಬಡಿಯುತ್ತಾರೆಯೇ?

ಜೂನ್ 1

ಶಾಲೆ ಶುರು. ಏಳೂವರೆಗೇ ಗೇಟಿನಲ್ಲಿ ನಿಂತೆ. ಲಾಡ್ಲೇಸಾಬನ ವ್ಯಾನು ತಡವಾಗಿ ಬಂತು, ಎಂದಿನಂತೆ. ಮಕ್ಕಳ ಜೊತೆ ಹೆಸರು ಹಚ್ಚಿಸಲು ಪಾಲಕರೂ ಇಳಿದರು. ಸುದ್ದಿ ಎಲ್ಲರಿಗೂ ಮುಟ್ಟಿದೆ ಎಂದು ಅವರ ನಡಿಗೆಯಲ್ಲೇ ತಿಳಿಯುತ್ತಿತ್ತು. ಒಬ್ಬರೂ ಒಂದು ಒಳ್ಳೆಯ ಮಾತಾಡಲಿಲ್ಲ. ನಲ್ಲಿಯಲ್ಲಿ ನೀರು ಸಣ್ಣಗೆ ಬರುತ್ತದೆ ಎಂದರು, ಗಣಿತದ ಮಾಸ್ತರರು ಬಹಳ ಬೈಯುತ್ತಾರೆ ಎಂದರು. ಎಲ್ಲ ಬರೆದುಕೊಂಡೆ.

ಮಲ್ಲಾಬಾಯಿ ಎರಡನೆಯ ಮಗಳನ್ನು ಎಂಟಕ್ಕೆ ಸೇರಿಸಲು ಬಂದಿದ್ದಳು. ಅರ್ಜಿಯ ಮೇಲೆ ಹೆಬ್ಬೆಟ್ಟು ಒತ್ತಿಸಿಕೊಳ್ಳುವಾಗ ಕೇಳಿದೆ.

“ಬರೂ ವರ್ಷ ಫಾದರ್ ಮತ್ತ ಬರ್ತಾರ ಮಲ್ಲಾಬಾಯಿ. ಆಗರೆ ಜರಾ ನಗೂ ಮಾರಿಗಿ ಒತ್ತತೀರೇನು?”

“ಇಲ್ರಿ.”

“ಅದರ ಮುಂದಿನ ವರ್ಷ?”

“ಇಲ್ರಿ. ನೀವು ಇಲ್ಲೇ ಮಣ್ಣಾದ ಮ್ಯಾಲ ಒತ್ತತೀವಿ. ಅಲ್ಲೀತನಕ ಅದರ ಮಾತು ತಗೀಬ್ಯಾಡ್ರಿ.”

ಸಾಲಿನಲ್ಲಿ ನಿಂತವರು ಯಾರೂ ನಗಲಿಲ್ಲ. ಹೌದೆನ್ನುವಂತೆ ನೋಡಿದರು. ನಮ್ಮ ಸಿಸ್ಟರುಗಳು ಎಲ್ಲಿ ತೀರಿಕೊಂಡರೂ ಮಂಗಳೂರಿಗೇ ಒಯ್ದು ಒಂದೇ ಸಾಲಿನಲ್ಲಿ ಹೂಳುತ್ತಾರೆ. ಅದು ಇವರಿಗೆ ಹೇಗೆ ಗೊತ್ತಿರಬೇಕು?

“ನನ್ನ ಮಣ್ಣು ಮಾಡಾಕ ಇಲ್ಲಿ ಜಾಗ ಎಲ್ಲಿ ಅದ?” ಎಂದೆ.

“ಯಾಕ, ನಮ್ಮ ಹೊಲ ಇಲ್ಲೇನ್ರಿ?” ಎಂದಳು ಮಲ್ಲಾಬಾಯಿ, ಮಸಿಯ ಹೆಬ್ಬೆಟ್ಟನ್ನು ಸೀರೆಗೆ ಒರೆಸಿಕೊಳ್ಳುತ್ತ. “ನಮ್ಮತ್ತಿ, ಮಾವ ಅಲ್ಲೇ ಬದುವಿನ ಮ್ಯಾಲ ಅದಾರ. ಅವರ ಬಾಜೂಕ ಇನ್ನಾ ಇಬ್ಬರ ಜಾಗ ಅದ. ಒಂದು ನಂದು, ಒಂದು ನಿಮಗ.”

ಅಷ್ಟು ಹೇಳಿ, ವ್ಯಾನು ದಿನಾಲೂ ಹೀಗೆ ತಡ ಮಾಡಿದರೆ ತನ್ನ ಮಗಳು ಪ್ರಾರ್ಥನೆಗೆ ಮುಟ್ಟುವುದು ಹೇಗೆ ಎಂದು ನನ್ನ ಮೇಲೆ ಜಗಳ ತೆಗೆದಳು.